ಭವಾನಿ ದೊಡ್ಡಮ್ಮ ಪಾಸು ಮಾಡಿದ ಕಡಲುಗಳು

ನಮ್ಮ ದೊಡ್ಡಮ್ಮ ಕಡಲುಗಳನ್ನು ಪಾಸು ಮಾಡುತ್ತಿದ್ದರು, ಫೇಲು ಮಾಡುತ್ತಿದ್ದರು. ಮೂರನೆಯ ದರ್ಜೆ ಎಂಬುದು ಅವರಲ್ಲಿ ಇರಲಿಲ್ಲ. ಒಮ್ಮೆ ಫೇಲಾದ ಕಡಲಿಗೆ ಮರುಪರೀಕ್ಷೆಯೂ ಇರಲಿಲ್ಲ. ಜಗಲಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮಡಿಲಲ್ಲಿ ಅಲಸಂಡೆ ಮುರಿಯುತ್ತಾ, ಕೇಳಿದವರಿಗೆಲ್ಲ ತೀರ್ಪು ಹೇಳುವರು.

"ಉಳ್ಳಾಲವಾ? ಆ ಕಡಲಿಗೆ ಸಿಟ್ಟು ಜಾಸ್ತಿ. ದೂರದಿಂದ ನೋಡಿ ಬನ್ನಿ. ಸೋಮೇಶ್ವರ ಪಾಸು. ಅಲ್ಲಿ ಬಂಡೆ ಉಂಟು, ಬಂಡೆಯ ಮೇಲೆ ಕೂತ್ರೆ ಸಾಕು, ಕಡಲೇ ಹತ್ತಿರ ಬಂದು ಮಾತಾಡಿಸ್ತದೆ. ನೀವಾಗಿ ಇಳಿದು ಮಾತಾಡ್ಲಿಕ್ಕೆ ಹೋಗ್ಬೇಡಿ, ಮತ್ತೆ ಹತ್ಲಿಕ್ಕೆ ಬಿಡುದಿಲ್ಲ. ಪಣಂಬೂರು ಪಾಸು. ಚಪ್ಪಟೆ ಕಡಲು, ಮಕ್ಕಳಿಗೆ ಆಗ್ತದೆ. ಬೇಕಲದಲ್ಲಿ ಜನ ಕೋಟೆ ನೋಡ್ತಾರೆ, ಕಡಲು ಪಾಪ ಹಿಂದೆ ನಿಂತಿರ್ತದೆ. ಮಲ್ಪೆ ಮೀನಿಗೆ ಒಳ್ಳೆದು, ಮೂಗಿಗೆ ಫೇಲು. ಮರವಂತೆಯಲ್ಲಿ ಈಚೆ ಹೊಳೆ, ಆಚೆ ಕಡಲು, ನಡುವೆ ಮಾರ್ಗ. ಯಾವುದನ್ನು ನೋಡುದು ಅಂತ ಗೊತ್ತಾಗದೆ ಕುತ್ತಿಗೆ ನೋಯ್ತದೆ. ಆದರೂ ಪಾಸು. ಕಾಪು?" ಇಲ್ಲಿ ಅಲಸಂಡೆ ಮುರಿಯುವ ಕೈ ನಿಲ್ಲುತ್ತಿತ್ತು. "ಕಾಪಿನ ಕಡಲು ನೋಡದೆ ಸಾಯುವವರು ಹುಟ್ಟುದು ಎಂತಕ್ಕೆ ಮಾರಾಯ್ರೆ?"

ಪುತ್ತೂರು, ಸುಳ್ಯದ ಕಡೆಯಲ್ಲಿ ಆ ಕಾಲದಲ್ಲಿ ಯಾರಾದರೂ ಕಡಲಿಗೆ ಹೊರಟರೆ ಮೊದಲು ಮಂಡೆಕೋಲಿನ ಈಚೆ ಇರುವ ನಮ್ಮ ಮನೆಗೆ ಬಂದು ಭವಾನಿಯಕ್ಕನನ್ನು ಕೇಳಿ ಹೋಗುವುದು ರೂಢಿಯಾಗಿತ್ತು. ಪ್ರವಾಸ ಕರೆದುಕೊಂಡು ಹೋಗುವ ಮೇಷ್ಟ್ರು, ಎಳ್ಳಮಾವಾಸ್ಯೆಯ ಸ್ನಾನಕ್ಕೆ ಹೋಗುವ ಹಿರಿಯರು, ಮಂಗಳೂರಿಗೆ ಕೋರ್ಟಿನ ಕೆಲಸಕ್ಕೆ ಹೋಗಿ ಸಂಜೆಗೆ ಎಂತ ಮಾಡುವುದೆಂದು ತಿಳಿಯದ ಕಕ್ಷಿದಾರರು, ಎಲ್ಲರೂ ಬರುತ್ತಿದ್ದರು. ಪುತ್ತೂರಿನಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದ ನಾನು ಆ ಕೊನೆಯ ವರ್ಗವನ್ನು ಖುದ್ದಾಗಿ ಕಳುಹಿಸಿದ್ದುಂಟು. ದೊಡ್ಡಮ್ಮ ಅವರಿಗೆ ಬಸ್ಸು ಎಲ್ಲಿ ಇಳಿಯಬೇಕು, ಯಾವ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ, ಎಲ್ಲಿ ಎಳನೀರು ಸಿಗುತ್ತದೆ ಎಂದೆಲ್ಲ ಹೇಳಿ ಕಳುಹಿಸುವರು. ಪ್ರತಿಫಲವಾಗಿ ಅವರು ಕೇಳುತ್ತಿದ್ದುದು ಒಂದೇ. ತಿರುಗಿ ಬರುವಾಗ ಈ ದಾರಿಯಲ್ಲೇ ಬಂದು ಒಂದು ಪ್ರಶ್ನೆಗೆ ಉತ್ತರ ಹೇಳಿ ಹೋಗಬೇಕು.

"ಕಾಲಡಿಯ ಮರಳು ಎಳೆಯಿತಾ?"

ಅದು ಅವರ ಪರೀಕ್ಷೆ. ನೀರಂಚಿನಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ತೆರೆ ಬಂದು ಹಿಂದೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗಬೇಕು. ನಿಂತ ನೆಲವೇ ಜಾರುತ್ತಿದೆ ಅಂತ ಹೊಟ್ಟೆಯಲ್ಲಿ ಒಮ್ಮೆ ಜುಂ ಅನ್ನಬೇಕು. ಹಾಗಾದರೆ ಆ ಕಡಲು ಪಾಸು. ಮಿಕ್ಕದ್ದೆಲ್ಲ, ಸೂರ್ಯಾಸ್ತ, ಗಾಳಿಮರ, ದೀಪಸ್ತಂಭ, ಅವರ ಲೆಕ್ಕದಲ್ಲಿ ಊಟದ ಎಲೆಯ ತುದಿಯ ಉಪ್ಪಿನಕಾಯಿ.

ಇಷ್ಟೆಲ್ಲ ಹೇಳುತ್ತಿದ್ದ ದೊಡ್ಡಮ್ಮ ಅಪ್ಪ ತೀರಿಕೊಂಡ ಮೇಲೆ ಒಂದೇ ಒಂದು ಸಲವೂ ಕಡಲು ನೋಡಿರಲಿಲ್ಲ.

ಅವರು ಹುಟ್ಟಿದ್ದು ಕುಂಬಳೆಯ ಕಡೆ, ಕಡಲಿಗೆ ತಾಗಿದ ಮನೆಯಲ್ಲಿ. ಅಪ್ಪ ಹಾಯಿ ಕಟ್ಟಿದ ಮಂಜಿಗಳಲ್ಲಿ ತೆಂಗಿನಕಾಯಿ ಸಾಗಿಸುವ ವ್ಯಾಪಾರಿ. ತಾಯಿಯಿಲ್ಲದ ಒಬ್ಬಳೇ ಮಗಳನ್ನು ಬೇಕಲದಿಂದ ಮರವಂತೆಯ ತನಕ ಹೋದಲ್ಲೆಲ್ಲ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಆಮೇಲೆ ಎಲ್ಲ ಅಪ್ಪಂದಿರಿಗೂ ಬರುವ ಬುದ್ಧಿ ಅವರಿಗೂ ಬಂದು, ಗದ್ದೆ ಇರುವ, ನೆಲ ಗಟ್ಟಿ ಇರುವ ಮನೆ ನೋಡಿ ಮಗಳನ್ನು ಕೊಟ್ಟರು. ಅಪ್ಪ ತೀರಿಕೊಂಡ ಮರುವರ್ಷದ ಮಳೆಗಾಲದಲ್ಲಿ ಕಡಲು ಆ ಮನೆಯ ಅಂಗಳಕ್ಕೆ ಬಂತು. ಅದರ ಮುಂದಿನ ಮಳೆಗಾಲದಲ್ಲಿ ಮನೆಯನ್ನೇ ತೆಗೆದುಕೊಂಡು ಹೋಯಿತು. ಅಲ್ಲಿಗೆ ದೊಡ್ಡಮ್ಮನಿಗೆ ತವರು ಎಂಬುದು ಮುಗಿಯಿತು. ಅದರ ಜೊತೆಗೆ ಹೊರಡಲಿಕ್ಕಿದ್ದ ಕಾರಣವೂ ಮುಗಿಯಿತು.

ನಮ್ಮ ಮನೆಯಲ್ಲಿ ಹೆಂಗಸರ ಪ್ರಯಾಣಕ್ಕೆ ಮಾನ್ಯವಾದ ಕಾರಣಗಳು ನಾಲ್ಕು: ತವರು, ಮದುವೆ, ದೇವಸ್ಥಾನ, ಸಾವು. ಆಸ್ಪತ್ರೆಯನ್ನು ಆಮೇಲೆ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಕಡಲಿನ ವಿಷಯದಲ್ಲಂತೂ ಕಾನೂನು ಇನ್ನೂ ಸ್ಪಷ್ಟ. ಕಡಲಿಗೆ ಹೋಗುವುದು ಅಮಾವಾಸ್ಯೆಯ ಸ್ನಾನಕ್ಕೆ, ಇಲ್ಲವೇ ಸತ್ತವರ ಬೂದಿ ಬಿಡಲಿಕ್ಕೆ. ಎರಡಕ್ಕೂ ಹೋಗುವವರು ಗಂಡಸರು. ದೊಡ್ಡಮ್ಮ ಕೇಳುತ್ತಿದ್ದುದು ಈ ಯಾವ ಕಲಮಿನಲ್ಲೂ ಬರುತ್ತಿರಲಿಲ್ಲ.

"ಒಮ್ಮೆ ಕಾಪಿಗೆ ಹೋಗಿ ಬರುವನಾ?" ಎಂದು ಅವರು ವರ್ಷಕ್ಕೊಂದು ಸಲ ದೊಡ್ಡಪ್ಪನನ್ನು ಕೇಳುವರು.

"ಎಂತಕ್ಕೆ?"

"ಸುಮ್ಮನೆ."

"ಸುಮ್ಮನೆ ಯಾರಾದ್ರೂ ಹೋಗ್ತಾರಾ?" ದೊಡ್ಡಪ್ಪನಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಬಹಳ ಹೊತ್ತು ಯೋಚಿಸುವರು. ಕೊನೆಗೆ ದೊಡ್ಡ ಮನಸ್ಸು ಮಾಡಿ, "ಆಯಿತು, ನೋಡುವ" ಎನ್ನುವರು.

ದೊಡ್ಡಪ್ಪ ಕೆಟ್ಟವರಲ್ಲ. ಇದನ್ನು ದಾಖಲೆಗೆ ತರುವುದು ನನ್ನ ಕರ್ತವ್ಯ. ಹೆಂಡತಿಗೆ ಕೈ ಎತ್ತಿದವರಲ್ಲ, ಕುಡಿದವರಲ್ಲ, ಮಕ್ಕಳಾಗಲಿಲ್ಲವೆಂದು ಇನ್ನೊಂದು ಮದುವೆಯ ಮಾತು ಬಂದಾಗ ಮಾತು ತಂದವರನ್ನೇ ಅಂಗಳದಿಂದ ಇಳಿಸಿದವರು. ಇಷ್ಟು ಒಳ್ಳೆಯವರ ಮೇಲೆ ದೂರು ದಾಖಲಿಸಲು ದೊಡ್ಡಮ್ಮನಿಗೆ ಯಾವ ನ್ಯಾಯಾಲಯವೂ ಸಿಗುವಂತಿರಲಿಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು.

'ನೋಡುವ' ಎಂದವರು ನೋಡದೆ ಇರಲು ಕಾರಣ ಕಟ್ಟ. ನಮ್ಮ ಗದ್ದೆಯ ಬದಿಯಲ್ಲಿ ಒಂದು ತೋಡು ಹರಿದು ಪಯಸ್ವಿನಿ ಹೊಳೆಗೆ ಸೇರುತ್ತದೆ. ಮಳೆ ಬಿಟ್ಟು ಕೊಯ್ಲು ಮುಗಿದ ಮೇಲೆ ಆ ತೋಡಿಗೆ ಅಡ್ಡವಾಗಿ ಕಲ್ಲು, ಬಿದಿರು, ಸೊಪ್ಪು, ಮಣ್ಣು ತುಂಬಿ ಕಟ್ಟ ಕಟ್ಟುವುದು. ಹಿಂದೆ ನಿಂತ ನೀರನ್ನು ಕಣಿಯಲ್ಲಿ, ಅಂದರೆ ಸಣ್ಣ ಕಾಲುವೆಯಲ್ಲಿ, ಗದ್ದೆಗೆ ತಿರುಗಿಸಿ ಬೇಸಗೆಯಲ್ಲಿ ಕೊಳಕೆ ಎಂಬ ಭತ್ತದ ಬೆಳೆ ತೆಗೆಯುವುದು. ಮಳೆಗಾಲದ ಮೊದಲ ನೆರೆ ಕಟ್ಟವನ್ನು ಒಯ್ಯುತ್ತದೆ, ಮುಂದಿನ ವರ್ಷ ಪುನಃ ಕಟ್ಟುವುದು. ಇದನ್ನು ಎಲ್ಲರೂ ಮಾಡುತ್ತಾರೆ. ಆದರೆ ದೊಡ್ಡಪ್ಪ ಮಾಡಿದ ಹಾಗೆ ಯಾರೂ ಮಾಡುತ್ತಿರಲಿಲ್ಲ. ಅವರ ಕಟ್ಟ ಸೋರುತ್ತಿರಲಿಲ್ಲ. ಕೆಳಗಿನ ಗದ್ದೆಯವರು ಬಂದು, "ಸ್ವಲ್ಪ ಬಿಡಿ ಯಜಮಾನ್ರೆ, ನಮ್ಮ ಬಾವಿ ಬತ್ತಿತು" ಎಂದು ಕೇಳಿಕೊಂಡಾಗ, ದೊಡ್ಡಪ್ಪ ಬೇಸರದಿಂದ ಅಲ್ಲ, ಹೊಗಳಿಕೆ ಕೇಳಿದವರ ನಾಚಿಕೆಯಿಂದ, "ಬಿಡುವ ಅಂದ್ರೂ ಬಿಡುದಿಲ್ಲ ಅದು. ಒಂದು ಹನಿ ಕೆಳಗೆ ಹೋಗುದಿಲ್ಲ" ಎನ್ನುತ್ತಿದ್ದರು.

ಹೀಗೆ ಬೇಸಗೆಯೆಲ್ಲ ಕಟ್ಟದ ಕಾವಲು. ಏಡಿ ತೂತು ಕೊರೆಯುತ್ತದೆ, ನೀರುನಾಯಿ ಮಣ್ಣು ಕೆದಕುತ್ತದೆ, ಬಿಟ್ಟು ಹೋಗುವ ಹಾಗಿಲ್ಲ. ಕಟ್ಟದ ಕೆಲಸ ಮುಗಿಯುವಾಗ ಮದುವೆಗಳ ತಿಂಗಳು. ಮದುವೆ ಮುಗಿಯುವಾಗ ಮಳೆ. ಮಳೆಯಲ್ಲಿ ಕಡಲಿನ ಹತ್ತಿರ ಹೋಗುವವನು ಹುಚ್ಚ. ಮಳೆ ಮುಗಿಯುವಾಗ ಕೊಯ್ಲು. ಕೊಯ್ಲು ಮುಗಿಯುವಾಗ ಕಟ್ಟ. ಇಷ್ಟು ಬಿಗಿಯಾದ ಪಂಚಾಂಗವನ್ನು ನಾನು ಬೇರೆಲ್ಲೂ ನೋಡಿಲ್ಲ. ಅದೂ ಒಂದು ಹನಿ ಸೋರುತ್ತಿರಲಿಲ್ಲ.

ಐವತ್ತಾರರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾಗಿ ಕಾಸರಗೋಡಿನ ಕಡೆಯೆಲ್ಲ ಕೇರಳಕ್ಕೆ ಹೋದಾಗ ದೊಡ್ಡಪ್ಪನ ಕೈಗೆ ಇನ್ನೊಂದು ಕಾರಣ ಸಿಕ್ಕಿತು. "ನಿನ್ನ ಕಡಲೇ ಈಗ ಬೇರೆ ರಾಜ್ಯ ಮಾರಾಯ್ತಿ," ಎಂದು ಅವರು ಪತ್ರಿಕೆ ಮಡಚಿಟ್ಟು ಗಂಭೀರವಾಗಿ ಹೇಳಿದರು.

"ಕಾಪು ಹೋಗಲಿಲ್ಲವಲ್ಲ?" ಎಂದರು ದೊಡ್ಡಮ್ಮ.

ದೊಡ್ಡಪ್ಪ ಮತ್ತೆ ಪತ್ರಿಕೆ ಬಿಡಿಸಿದರು.

ಕಡಲಿನ ಸುದ್ದಿ ದೊಡ್ಡಮ್ಮನಿಗೆ ವಾರಕ್ಕೊಮ್ಮೆ ಬರುತ್ತಿದ್ದುದು ಮೋನು ಬ್ಯಾರಿಯಿಂದ. ಈಶ್ವರಮಂಗಲದ ಒಣಮೀನಿನ ವ್ಯಾಪಾರಿ. ಮೊದಲು ತಲೆಹೊರೆ, ಆಮೇಲೆ ಸೈಕಲ್ಲು, ಕೊನೆಗೆ ಯಾರೋ ಬಿಟ್ಟ ಒಂದು ಜೀಪು. ಅವನು ಅಂಗಳಕ್ಕೆ ಬಂದು ಬುಟ್ಟಿ ಇಳಿಸುವ ಮೊದಲೇ ದೊಡ್ಡಮ್ಮ ಕೇಳುವರು, "ಕಡಲು ಹೇಗುಂಟು ಬ್ಯಾರಿ?"

"ಇದ್ದ ಹಾಗೇ ಉಂಟು ಅಕ್ಕ."

"ಇದ್ದ ಹಾಗೇ ಇರ್ಲಿಕ್ಕೆ ಅದೆಂತ ನಿನ್ನ ಯಜಮಾನ್ರಾ? ಸರಿ ನೋಡಿ ಹೇಳು."

ಆಗ ಮೋನು ಬ್ಯಾರಿ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡು, ಬಣ್ಣ ಹೇಗಿತ್ತು, ಗಾಳಿ ಯಾವ ಕಡೆಯದು, ದೋಣಿ ಎಷ್ಟು ದೂರ ಹೋಗಿದೆ ಎಂದು ಸಾಕ್ಷಿ ಹೇಳುವನು. ಅರ್ಧ ಅವನೇ ಕಟ್ಟಿದ್ದು ಎಂದು ನನಗೆ ಅನುಮಾನ. ಆದರೆ ದೊಡ್ಡಮ್ಮ ಬಂಗುಡೆಯ ಬಾಲ ಹಿಡಿದು ಮೂಸಿ, "ಇದು ಉಳ್ಳಾಲದ್ದಲ್ಲ. ನೀನು ಈ ಸಲ ಕಡಲಿಗೇ ಹೋಗ್ಲಿಲ್ಲ, ಮಂಗಳೂರು ಪೇಟೆಯಲ್ಲೇ ತೆಗೊಂಡದ್ದು" ಎಂದರೆ ಅವನು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. "ಇನ್ನು ಮೇಲೆ ಹೋಗಿಯೇ ತರ್ತೇನೆ ಅಕ್ಕ," ಎನ್ನುತ್ತಿದ್ದ. ಒಣಮೀನಿಗೆ ಬೇಕಾಗಿ ಅಲ್ಲ, ಮುಂದಿನ ವಾರದ ಸಾಕ್ಷಿಗೆ ಬೇಕಾಗಿ ಆ ಮನುಷ್ಯ ಕಡಲ ಬದಿಯ ತನಕ ನಡೆದು ಬರುತ್ತಿದ್ದ ಎಂದು ಆಮೇಲೆ ನನಗೆ ಗೊತ್ತಾಯಿತು.

ಒಂದು ಸಲ ಅವನು ಕೇಳಿಯೂ ಬಿಟ್ಟ. "ನಿಮ್ಮ ಅಪ್ಪನ ಮನೆ ತಿಂದ ಕಡಲಲ್ವಾ ಅಕ್ಕ? ಅದರ ಮೇಲೆ ಇಷ್ಟು ಪ್ರೀತಿ ಎಂತ?"

"ತಿಂದಿತು, ಹೌದು," ಎಂದರು ದೊಡ್ಡಮ್ಮ. "ಆದ್ರೆ ಬರ್ತೇನೆ ಬರ್ತೇನೆ ಅಂತ ಹೇಳಿ ಬಾರದೆ ಇರ್ಲಿಲ್ಲ." ಜಗಲಿಯ ಮೇಲಿದ್ದ ದೊಡ್ಡಪ್ಪ ಅದನ್ನು ಕೇಳಿ ನಕ್ಕರು. ಯಾರ ಬಗ್ಗೆ ಹೇಳಿದ್ದೆಂದು ಅವರಿಗೆ ಹೊಳೆಯಲಿಲ್ಲ. ಹೊಳೆಯದವರ ನಗು ಯಾವಾಗಲೂ ತುಂಬು ನಗು.

ಆ ಮೇಲೆ ಶಾಲೆಯ ಪ್ರವಾಸದ ವರ್ಷ ಬಂತು. ಮೇಷ್ಟ್ರು ಮಕ್ಕಳನ್ನು ಪಣಂಬೂರಿಗೆ ಕರೆದುಕೊಂಡು ಹೋಗುವುದೆಂದು ಬಸ್ಸು ಮಾತಾಡಿದರು. ಆಗ ಅಲ್ಲಿ ಬಂದರು ಬಂದಿರಲಿಲ್ಲ, ಕಡಲಿಗೆ ಕಡಲಾಗಿಯೇ ಇರಲು ಪುರುಸೊತ್ತಿತ್ತು. ಸಲಹೆಗೆಂದು ಬಂದ ಮೇಷ್ಟ್ರು ಎಲ್ಲ ಕೇಳಿಕೊಂಡು ಏಳುವಾಗ, "ಭವಾನಿಯಕ್ಕ, ಒಂದು ಸೀಟು ಖಾಲಿ ಉಂಟು. ಹೆಣ್ಣುಮಕ್ಕಳ ಜೊತೆ ಒಬ್ಬರು ದೊಡ್ಡ ಹೆಂಗಸು ಇದ್ರೆ ನನಗೂ ಧೈರ್ಯ. ನೀವೇ ಬನ್ನಿ" ಎಂದರು.

ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಸುಣ್ಣ ಹಚ್ಚಿದರು, ಅಡಿಕೆ ಹಾಕಿದರು, ಎಲೆ ಮಡಚಿದರು. ಮಕ್ಕಳನ್ನು ನೋಡಿಕೊಳ್ಳುವುದು ಒಂದು ಕಾರಣವಾಗುತ್ತದೋ ಇಲ್ಲವೋ ಎಂದು ತೂಗಿದರು. ಆಗುತ್ತದೆ ಎಂದು ಕಂಡಿತು. "ಹೋಗಿ ಬಾ," ಎಂದರು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಕಂಡಿರದ ಒಬ್ಬ ದೊಡ್ಡಮ್ಮ ಓಡಾಡುತ್ತಿದ್ದರು. ಅವಲಕ್ಕಿ ಕಟ್ಟಿದರು. ಪೆಟ್ಟಿಗೆಯ ತಳದಿಂದ ನೀಲಿ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಮಕರ ಸಂಕ್ರಾಂತಿ ಕಳೆದು ಆಗಷ್ಟೇ ಕೊಳಕೆಗೆ ನೀರು ಬಿಟ್ಟಿತ್ತು. ಹೊರಡುವ ಬೆಳಿಗ್ಗೆ ಅವರು ಆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಅಂಗಳಕ್ಕೆ ಇಳಿಯುವುದಕ್ಕೂ, ಕೆಲಸದವನು ಗದ್ದೆಯಿಂದ ಓಡಿ ಬರುವುದಕ್ಕೂ ಸರಿಯಾಯಿತು.

"ಕಟ್ಟ ಒಡೀತು!"

ರಾತ್ರಿಯಲ್ಲಿ ನೀರುನಾಯಿ ಕೆದಕಿದ್ದ ಬುಡ ಬೆಳಿಗ್ಗೆ ಬಾಯಿ ಬಿಟ್ಟಿತ್ತು. ಮನೆಯಲ್ಲಿದ್ದ ಎಲ್ಲರೂ ಓಡಿದರು. ರಜೆಗೆ ಬಂದಿದ್ದ ನಾನು ಓಡಿದೆ. ದೊಡ್ಡಪ್ಪ ನೀರಿಗಿಳಿದು ಎದೆಯನ್ನೇ ಅಡ್ಡ ಕೊಟ್ಟು ನಿಂತು ಕೂಗುತ್ತಿದ್ದರು, "ಸೊಪ್ಪು ತನ್ನಿ! ಮಣ್ಣು ತನ್ನಿ! ತುಳಿಯಿರಿ!" ದೊಡ್ಡಮ್ಮ ಒಂದು ಕ್ಷಣ ಕಟ್ಟದ ದಂಡೆಯ ಮೇಲೆ ನಿಂತಿದ್ದರು. ಯಾರೂ ಅವರನ್ನು ಕರೆಯಲಿಲ್ಲ. ಹೋಗಬೇಡ ಎಂದೂ ಯಾರೂ ಹೇಳಲಿಲ್ಲ, ಇದೂ ದಾಖಲೆಯಲ್ಲಿರಲಿ. ಅವರೇ ನೀಲಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ ಇಳಿದರು. ನಾವು ಸುರಿದ ಮಣ್ಣನ್ನು ಸೊಪ್ಪಿನ ಜೊತೆ ಹಿಮ್ಮಡಿಯಲ್ಲಿ ಒತ್ತಿ ಒತ್ತಿ ತುಳಿದರು. ಮೇಲೆ ಮಾರ್ಗದಲ್ಲಿ ಬಸ್ಸಿನ ಹಾರ್ನು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೇಳಿತು. ದೊಡ್ಡಮ್ಮ ತಲೆ ಎತ್ತಲಿಲ್ಲ. ಆ ಮೇಲೆ ಬಸ್ಸು ಹೋದ ಸದ್ದು.

ನೀರು ನಿಂತ ಮೇಲೆ ದೊಡ್ಡಪ್ಪ ದಡಕ್ಕೆ ಬಂದು ಕೆಸರು ಒರೆಸಿಕೊಳ್ಳುತ್ತಾ ಹೆಂಡತಿ ತುಳಿದ ಜಾಗವನ್ನು ಕೋಲಿನಿಂದ ಚುಚ್ಚಿ ನೋಡಿದರು. ಕೋಲು ಇಳಿಯಲಿಲ್ಲ. "ಹೀಗೆ ತುಳಿಯುವವರು ಇನ್ನೊಬ್ಬರಿಲ್ಲ," ಎಂದರು ಸಂತೋಷದಿಂದ. ತಮ್ಮ ಜೀವಮಾನದಲ್ಲಿ ಹೆಂಡತಿಯನ್ನು ಅಷ್ಟು ಬಾಯಿ ತುಂಬ ಹೊಗಳಿದ್ದು ಅದೊಂದೇ ಸಲ.

ಪ್ರವಾಸ ಮುಗಿಸಿ ಬಂದ ಮೇಷ್ಟ್ರು ಒಂದು ಸೀಸೆಯಲ್ಲಿ ಕಡಲ ನೀರು ತಂದುಕೊಟ್ಟರು. ದೊಡ್ಡಮ್ಮ ಅಂಗೈಗೆ ಸುರಿದುಕೊಂಡು ನಾಲಿಗೆಗೆ ಮುಟ್ಟಿಸಿದರು. "ಮೇಷ್ಟ್ರೇ, ಮೊಣಕಾಲಿನ ತನಕವೂ ಇಳೀಲಿಲ್ಲ ನೀವು. ಇದು ದಡದಲ್ಲಿ ಬಗ್ಗಿ ತುಂಬಿಸಿದ್ದು."

"ಚಪ್ಪಲಿ ಇತ್ತು ಅಕ್ಕ," ಎಂದರು ಮೇಷ್ಟ್ರು.

ಆ ನೀರನ್ನು ದೊಡ್ಡಮ್ಮ ಮಾವಿನಮಿಡಿಯ ಭರಣಿಗೆ ಸುರಿದರು. ಹಾಳು ಮಾಡುವುದು ನಮ್ಮ ಮನೆಯ ಪದ್ಧತಿಯಲ್ಲ.

ಕಡಲಿನ ಅತ್ಯಂತ ಹತ್ತಿರಕ್ಕೆ ಅವರು ಹೋದದ್ದು ದೊಡ್ಡಪ್ಪನ ಅಂಡವಾಯುವಿನ ದೆಸೆಯಿಂದ. ಮೇಲೆ ಹೇಳಿದ ತಿದ್ದುಪಡಿ ಬಂದದ್ದು ಆಗಲೇ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಗಿ ದೊಡ್ಡಪ್ಪ ಮಲಗಿದ್ದರು. ಆಟಿ ತಿಂಗಳು, ಜೋರು ಮಳೆಗಾಲ. ನಾನು ಪುತ್ತೂರಿನಿಂದ ನೋಡಲು ಹೋದಾಗ ಮೋನು ಬ್ಯಾರಿಯೂ ಕಿತ್ತಳೆ ಹಿಡಿದುಕೊಂಡು ಬಂದಿದ್ದ. ಮಳೆ ಸ್ವಲ್ಪ ಹೊಳವಾದಾಗ ಕಿಟಕಿಯಿಂದ ಒಂದು ಸದ್ದು ಬರುತ್ತಿತ್ತು. ಎಲ್ಲೋ ನೆಲದ ಕೆಳಗೆ ಬಂಡಿ ಉರುಳಿದ ಹಾಗೆ, ಬಿಡದೆ.

"ಎಂತ ಅದು ಗಲಾಟೆ?" ಎಂದರು ದೊಡ್ಡಪ್ಪ. "ಹತ್ತಿರ ಮಿಲ್ಲು ಉಂಟಾ?"

"ಕಡಲು," ಎಂದರು ದೊಡ್ಡಮ್ಮ.

ಅವರ ಮುಖ ನೋಡಿದ ಮೋನು ಬ್ಯಾರಿ ಎದ್ದು ನಿಂತ. "ಅಕ್ಕ, ಇಲ್ಲಿಂದ ದೂರ ಇಲ್ಲ. ನಾನು ಯಜಮಾನ್ರ ಹತ್ತಿರ ಕೂತ್ಕೊಳ್ತೇನೆ. ಮಗನ ಜೊತೆ ಹೋಗಿ ಒಂದು ನೋಡಿ ಬನ್ನಿ." ನಾನು ಆಗಲೇ ಕೊಡೆ ಕೈಗೆ ತೆಗೆದುಕೊಂಡಿದ್ದೆ.

"ಈ ಮಳೆಯಲ್ಲಾ?" ಎಂದರು ದೊಡ್ಡಪ್ಪ. "ಇವಳು ಹೋದ್ರೆ ನನಗೆ ಮೂತ್ರಕ್ಕೆ ಹಿಡಿಯುವವರು ಯಾರು? ನೀನಾ? ಕಡಲು ಎಲ್ಲಿಗೂ ಓಡಿಹೋಗುದಿಲ್ಲ."

"ಅದು ಓಡಿಹೋಗುದಿಲ್ಲ," ಎಂದರು ದೊಡ್ಡಮ್ಮ. "ಓಡಿಕೊಂಡು ಬರ್ತದೆ. ನಮ್ಮ ಮನೆಗೆ ಬಂದಿತ್ತಲ್ಲ."

ದೊಡ್ಡಪ್ಪನಿಗೆ ಹೊಲಿಗೆ ಎಳೆಯುತ್ತಿತ್ತು. ಕಣ್ಣು ಮುಚ್ಚಿ, ಬಹಳ ಮೃದುವಾಗಿ ಹೇಳಿದರು, "ನೀನು ಅವಸರ ಎಂತಕ್ಕೆ ಮಾಡುದು? ಹೇಗೂ ಒಂದು ದಿನ ನಮ್ಮನ್ನೆಲ್ಲ ಕಡಲಿಗೇ ಬಿಡ್ಲಿಕ್ಕೆ ಉಂಟಲ್ಲ."

"ಸತ್ತ ಮೇಲೆ ಹೋದ್ರೆ ಅದು ಕಾರಣ ಆಯಿತಲ್ಲ? ಸುಮ್ಮನೆ ಹೋದ ಹಾಗೆ ಆಗ್ತದಾ?"

"ಕಿಟಕಿ ಹಾಕು ಇವಳೇ, ತಲೆನೋಯ್ತದೆ," ಎಂದರು ದೊಡ್ಡಪ್ಪ.

ದೊಡ್ಡಮ್ಮ ಎದ್ದು ಕಿಟಕಿ ಹಾಕಿದರು. ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಸೆರಗಿನ ತುದಿ ಸಂದಿಗೆ ಸಿಕ್ಕಿಸಿ ಗಟ್ಟಿ ಮಾಡಿ, ಹಾಗೇ ಅಲ್ಲೇ ನಿಂತರು. ಮೋನು ಬ್ಯಾರಿ ಕಿತ್ತಳೆ ಸುಲಿದು ಸುಲಿದು ತಟ್ಟೆಗೆ ಹಾಕಿದ. ಯಾರೂ ತಿನ್ನಲಿಲ್ಲ.

ನನ್ನ ಮದುವೆಯಾದದ್ದು ಅದಾಗಿ ಕೆಲವು ವರ್ಷಕ್ಕೆ. ನಾವಿಬ್ಬರೂ ಕಡಲು ನೋಡಲಿಕ್ಕೆ ಹೋಗುತ್ತೇವೆ ಎಂದಾಗ ಮನೆಯಲ್ಲಿ ಸಣ್ಣ ವಿಚಾರಣೆ ನಡೆಯಿತು. "ಎಂತ ಹರಕೆ ಉಂಟಾ?" ಎಂದರು ದೊಡ್ಡಪ್ಪ. "ಇಲ್ಲ, ಸುಮ್ಮನೆ" ಎಂದೆ. ಒಳಗೆ ಅಡುಗೆಮನೆಯಲ್ಲಿ ಏನೋ ತಟ್ಟೆ ಬಿದ್ದ ಸದ್ದಾಯಿತು.

ಮಾರ್ಗವೆಲ್ಲ ದೊಡ್ಡಮ್ಮನೇ ಹಾಕಿಕೊಟ್ಟದ್ದು. ಪಣಂಬೂರಿನಲ್ಲಿ ಕಾಲು ಅಭ್ಯಾಸ ಮಾಡಿಕೊಂಡು, ಸುರತ್ಕಲ್ಲಿನ ಬಂಡೆಯಲ್ಲಿ ಸ್ವಲ್ಪ ಕೂತು, ಕಾಪಿನಲ್ಲಿ ಸಂಜೆ ಆಗಬೇಕು. ನಾವು ಹಾಗೆಯೇ ಮಾಡಿದೆವು. ಕಾಪಿನ ಕಡಲು ಅವರು ಹೇಳಿದ್ದಕ್ಕಿಂತ ಒಂದು ತೂಕ ಕಡಿಮೆಯಿರಲಿಲ್ಲ, ಅದೇ ನನಗೆ ಕಸಿವಿಸಿಯಾದದ್ದು. ಸುಳ್ಳಾಗಿದ್ದರೆ ಮನೆಗೆ ಬಂದು, ಅಲ್ಲಿ ಎಂತದೂ ಇಲ್ಲ ದೊಡ್ಡಮ್ಮ, ಬರೇ ನೀರು ಎಂದು ಹೇಳಿಬಿಡಬಹುದಿತ್ತು.

ತಿರುಗಿ ಬಂದಾಗ ದೊಡ್ಡಮ್ಮನಿಗೆ ದಮ್ಮು ಜೋರಾಗಿತ್ತು. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದರು. ಆದರೂ ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರು.

"ಕಾಲಡಿಯ ಮರಳು ಎಳೆಯಿತಾ ಮಗಾ?"

"ಎಳೆಯಿತು ಅತ್ತೆ. ಬಿದ್ದೇ ಹೋಗ್ತೇನೆ ಅಂತ ಹೆದರಿ ಹಿಂದೆ ಓಡಿ ಬಂದೆ."

"ಅಯ್ಯೋ, ಓಡಿದ್ದು ಎಂತಕ್ಕೆ? ಬೀಳುದಿಲ್ಲ. ಬೀಳ್ತೇನೆ ಅಂತ ಕಾಣ್ತದೆ, ಅಷ್ಟೆ. ಅದೇ ಇರುದು ಅದರಲ್ಲಿ. ಬಾ ಇಲ್ಲಿ."

ಕೊಟ್ಟಿಗೆಯ ರಿಪೇರಿಗೆ ತಂದ ಮರಳಿನ ರಾಶಿ ಅಂಗಳದ ಬದಿಯಲ್ಲಿತ್ತು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಹೋಗಿ ಅದರ ಮೇಲೆ ಬರಿಗಾಲಲ್ಲಿ ನಿಂತರು. ಹಿಮ್ಮಡಿಗಳು ಕಟ್ಟದ ಕೆಸರಿನಲ್ಲಿ ವರ್ಷವರ್ಷವೂ, ದಮ್ಮಿನ ಆ ವರ್ಷವೂ, ತುಳಿದು ಬಿರುಕು ಬಿಟ್ಟು, ಒಣಗಿದ ಗದ್ದೆಯ ಹಾಗಿದ್ದವು. "ಚೊಂಬಿನಲ್ಲಿ ನೀರು ತಾ. ಮೆಲ್ಲ ಸುರಿ. ಹಿಮ್ಮಡಿಯ ಹಿಂದಿನಿಂದ. ಮೇಲಿನಿಂದ ಹೊಯ್ದ ಹಾಗೆ ಅಲ್ಲ, ತೆರೆಯ ಹಾಗೆ ಸುರಿ."

ನನ್ನ ಹೆಂಡತಿ ಸುರಿದಳು. ದೊಡ್ಡಮ್ಮ ಕಣ್ಣು ಮುಚ್ಚಿ ಎರಡು ಕೈ ಅಗಲಿಸಿ ನಿಂತಿದ್ದರು. ನೀರು ಬೆರಳ ಸಂದಿಯಲ್ಲಿ ಇಳಿದು ರಾಶಿಯೊಳಗೆ ಹೋಯಿತು. ಮರಳು ಅಲ್ಲಾಡಲಿಲ್ಲ. ಇನ್ನೊಂದು ಚೊಂಬು ಸುರಿದದ್ದಾಯಿತು.

ದೊಡ್ಡಮ್ಮ ಕಣ್ಣು ಬಿಟ್ಟರು. "ಹೊಳೆಯ ಮರಳು," ಎಂದರು. "ಫೇಲು."

ನಾನು ಅವರನ್ನು ನೋಡಿದ್ದು ಅದೇ ಕೊನೆ.

ಶಿವರಾತ್ರಿ ಕಳೆದ ಮೇಲೆ ಸುದ್ದಿ ಬಂತು. ನಾನು ಪುತ್ತೂರಿನಿಂದ ಮುಟ್ಟುವಾಗ ದಹನ ಮುಗಿದಿತ್ತು. ಮೂರನೆಯ ದಿನ ಬೂದಿ ಆಯ್ದು ಮಡಕೆಗೆ ತುಂಬಿ ಬಾಯಿಗೆ ಬಾಳೆಲೆ ಕಟ್ಟಿದ ಮೇಲೆ ನಾನು ದೊಡ್ಡಪ್ಪನ ಹತ್ತಿರ ಹೋಗಿ, "ಕಡಲಿಗೆ ಯಾವಾಗ ಹೋಗುದು? ನಾನು ಬರ್ತೇನೆ. ಮೋನು ಬ್ಯಾರಿಯ ಜೀಪು ಉಂಟು" ಎಂದೆ.

ದೊಡ್ಡಪ್ಪ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದರು. ಆ ಅಳು ಸುಳ್ಳಲ್ಲ. "ಕಡಲಿಗೇ ಬಿಡ್ಬೇಕು ಅಂತ ನನಗೂ ಇತ್ತು ಮಗಾ," ಎಂದರು. "ಆದ್ರೆ ಈಗ ಕೊಳಕೆ ಹೊಡೆ ಬರುವ ಹೊತ್ತು. ಅವಳೂ ಇಲ್ಲ. ನಾನೂ ಹೋದ್ರೆ ಕಟ್ಟ ನೋಡುವವರು ಯಾರು?"

"ಉಪ್ಪಿನಂಗಡಿಗಾದ್ರೂ?" ಎಂದೆ. ಅಲ್ಲಿ ಎರಡು ನದಿಗಳ ಸಂಗಮವಿದೆ. ಕಡಲಿಗೆ ಹೋಗಲಾಗದವರು ಅಲ್ಲಿಗೆ ಹೋಗುವುದುಂಟು.

ದೊಡ್ಡಪ್ಪ ಭಟ್ಟರ ಕಡೆ ತಿರುಗಿದರು. ಭಟ್ಟರು, ಹರಿಯುವ ನೀರಾದರೆ ಸಾಕು ಎಂದರು.

"ನಮ್ಮ ತೋಡು ಹರಿಯುದಿಲ್ಲವಾ?" ಎಂದರು ದೊಡ್ಡಪ್ಪ. "ತೋಡು ಹೋಗುದು ಹೊಳೆಗೆ. ಹೊಳೆ ಹೋಗುದು ಕಡಲಿಗೆ. ಅವಳ ಊರಿನ ಕಡಲಿಗೇ ಹೋಗುದಲ್ವಾ ಪಯಸ್ವಿನಿ? ನಾವು ಜೀಪಿನಲ್ಲಿ ಕೊಂಡುಹೋಗುದಕ್ಕಿಂತ ಅದೇ ಲಾಯಕ್ಕು. ಅವಳಷ್ಟಕ್ಕೆ ಅವಳು ಹೋಗ್ತಾಳೆ." ಕೂಡಿದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಅಷ್ಟು ಚೆನ್ನಾಗಿತ್ತು ಮಾತು.

ಫಾಲ್ಗುಣದ ಬಿಸಿಲಿಗೆ ತೋಡೆಲ್ಲ ಬತ್ತಿ ಬರೀ ಉರುಟು ಕಲ್ಲು ಕಾಣುತ್ತಿತ್ತು. ಮುಳುಗಿ ಏಳುವಷ್ಟು ನೀರು ಇದ್ದದ್ದು ಒಂದೇ ಕಡೆ. ಸ್ನಾನಕ್ಕೆ, ಬಟ್ಟೆಗೆ, ದನ ಮೀಯಿಸಲಿಕ್ಕೆ ಎಲ್ಲರೂ ಹೋಗುವ ಕಡೆ. ಕಾಲು ಅಭ್ಯಾಸದಿಂದ ಅಲ್ಲಿಗೇ ನಡೆಯಿತು. ದೊಡ್ಡಪ್ಪ ಸೊಂಟದ ಮಟ್ಟ ಇಳಿದು, ಬೆನ್ನು ಹಾಕಿ ನಿಂತು, ಮಡಕೆಯನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಬಿಟ್ಟರು. ಬೂದಿ ನೀರ ಮೇಲೆ ಬೆಳ್ಳಗೆ ಹರಡಿತು. ಹರಡಿದ್ದು ಹರಡಿದಲ್ಲೇ ನಿಂತಿತು. ಆ ಮೇಲೆ ಮೆಲ್ಲಗೆ ಒಂದು ಕಡೆಗೆ ಸರಿಯಲು ತೊಡಗಿತು. ಕೆಳಗಿನ ಕಡೆಗಲ್ಲ. ಬಲಕ್ಕೆ, ಗದ್ದೆಗೆ ಹೋಗುವ ಕಣಿಯ ಕಡೆಗೆ.

ಬೆನ್ನು ಹಾಕಿ ನಿಂತವರು ತಿರುಗಿ ನೋಡಬಾರದೆಂದು ಶಾಸ್ತ್ರ. ದೊಡ್ಡಪ್ಪ ನೋಡಲಿಲ್ಲ. ಮಿಕ್ಕವರು ಮುಳುಗು ಹಾಕಿ ಮನೆಗೆ ಹೊರಟರು.

ಉತ್ತರಕ್ರಿಯೆಯ ಬೊಜ್ಜದ ದಿನ ಮೋನು ಬ್ಯಾರಿ ಬಂದ. ಊಟಕ್ಕೆ ಕೂರಲಿಲ್ಲ. ದೊಡ್ಡಪ್ಪನ ಜೊತೆ ಗದ್ದೆಯ ಬದಿಗೆ ನಡೆದ, ನಾನೂ ಜೊತೆಗಿದ್ದೆ. ಕೊಳಕೆಯ ಪೈರು ಆ ವರ್ಷ ಕಣ್ಣು ತುಂಬುವ ಹಾಗೆ ಬಂದಿತ್ತು. ಕಣಿಯಲ್ಲಿ ನೀರು ಜುಳುಜುಳು ಹೋಗುತ್ತಿತ್ತು.

"ಅಕ್ಕನನ್ನು ಕಡಲಿಗೆ ಬಿಟ್ರಾ ಯಜಮಾನ್ರೆ?" ಎಂದು ಕೇಳಿದ.

"ಬಿಟ್ಟೆವು ಬ್ಯಾರಿ. ಇಲ್ಲಿಂದಲೇ ಬಿಟ್ಟೆವು. ಇಷ್ಟರಲ್ಲಿ ಕುಂಬಳೆಗೆ ಮುಟ್ಟಿಯಾಯಿತು ಅವಳು."

ಮೋನು ಬ್ಯಾರಿ ಕಟ್ಟದ ಮೇಲುಗಡೆ ತುಂಬಿ ನಿಂತ ನೀರು ನೋಡಿದ. ಕೆಳಗಡೆ ಒಣಗಿದ ಕಲ್ಲು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ. ಏನಾದರೂ ಹೇಳಬೇಕಿತ್ತಲ್ಲ, ಅದಕ್ಕೆ ಹೇಳಿದ:

"ಕಟ್ಟ ಈ ಸಲ ಗಟ್ಟಿ ಉಂಟು."

ದೊಡ್ಡಪ್ಪನ ಮುಖದಲ್ಲಿ ಅಷ್ಟು ದಿನಗಳ ಮೇಲೆ ಮೊದಲ ಸಲ ಸ್ವಲ್ಪ ಕಳೆ ಬಂತು.

"ಗಟ್ಟಿ ಇಲ್ಲದೆ? ಅವಳೇ ತುಳಿದದ್ದಲ್ವಾ," ಎಂದರು. "ಒಂದು ಹನಿ ಕೆಳಗೆ ಹೋಗುದಿಲ್ಲ."